ಏರಲು ಆರು ಸಿಲಿಂಡರ್ ಸಾಕು, ಇಳಿಯಲು?

ಅಮೆರಿಕದ ಡೆನ್ವರ್ ನಗರ ಇರುವುದು ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೊರಡುವ ಐ-70 ಹೆದ್ದಾರಿ ನೂರು ಕಿಲೋಮೀಟರ್ ತುಂಬುವ ಮೊದಲೇ ರಾಕಿ ಪರ್ವತ ಹತ್ತಿ, 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದೊಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಈ ದಾರಿಯುದ್ದಕ್ಕೂ ಪಿಕಪ್ ಟ್ರಕ್ಕುಗಳು ಬಿಳಿ ಡಬ್ಬಿಯಂಥ ಮನೆಗಳನ್ನು ಎಳೆದುಕೊಂಡು ಹತ್ತುತ್ತಿರುತ್ತವೆ. ಇವೇ ಟ್ರಾವೆಲ್ ಟ್ರೇಲರ್‌ಗಳು. ಒಳಗೆ ಮಂಚ, ಒಲೆ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವೂ ಉಂಟು, ಎಂಜಿನ್ ಒಂದನ್ನು ಬಿಟ್ಟು.

ಇಷ್ಟು ಭಾರ ಎಳೆಯಲು ಎಂಟು ಸಿಲಿಂಡರ್ ಬೇಕೇ ಬೇಕು ಎಂದು ಬಹಳ ಜನ ನಂಬಿದ್ದರು. 2011ರ ಮಾದರಿಯ ಫೋರ್ಡ್ ಎಫ್-150 ಪಿಕಪ್‌ಗೆ ಎರಡು ಟರ್ಬೊ ಇರುವ 3.5 ಲೀಟರಿನ, ಆರು ಸಿಲಿಂಡರಿನ ವಿ6 ಎಂಜಿನ್ ಬಂದಾಗ ಆ ನಂಬಿಕೆ ಅಲುಗಿತು. ಅದೇ ಟ್ರಕ್ಕಿನ 5 ಲೀಟರಿನ ವಿ8 ಎಂಜಿನ್ ನಿಮಿಷಕ್ಕೆ 4,250 ಸುತ್ತು ತಿರುಗಿದಾಗ ಕೊಡುತ್ತಿದ್ದ ಗರಿಷ್ಠ ತಿರುಗುಬಲ (ಟಾರ್ಕ್) 515 ನ್ಯೂಟನ್-ಮೀಟರ್. ಈ ವಿ6 ಬರೀ 2,500 ಸುತ್ತಿನಲ್ಲೇ 570 ಮುಟ್ಟುತ್ತಿತ್ತು.

ಗುಟ್ಟು ಇರುವುದು ಗಾಳಿಯಲ್ಲಿ. ಸುರಂಗದ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 30ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಸಿಕ್ಕಷ್ಟು ಗಾಳಿ ಎಳೆದುಕೊಂಡು, ಹೆಚ್ಚುಕಡಿಮೆ ಅಷ್ಟೇ ಪಾಲು ಶಕ್ತಿ ಕಳೆದುಕೊಂಡು ಏದುಸಿರು ಬಿಡುತ್ತದೆ. ಟರ್ಬೊ ಹಾಗಲ್ಲ. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದರ ಬಲದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹಾಗಾಗಿ ಬೆಟ್ಟದ ಮೇಲೂ ಎಂಜಿನ್ನಿನ ಉಸಿರು ಅಷ್ಟಾಗಿ ಕಟ್ಟುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಟ್ರಕ್ಕು, ಟ್ರೇಲರ್ ಸೇರಿ ಐದು ಟನ್. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿ, ಗಂಟೆಗೆ 80 ಕಿ.ಮೀ. ವೇಗ. ಈ ಭಾರವನ್ನು ಮೇಲೆತ್ತುವುದಕ್ಕೇ 88 ಅಶ್ವಶಕ್ತಿಯಷ್ಟು ಬೇಕು. ಗಾಳಿಯ ತಡೆ, ಚಕ್ರಗಳ ಎಳೆತ ಸೇರಿದರೆ 140ರ ಆಸುಪಾಸು. ಎಂಜಿನ್ನಿನ ತಾಕತ್ತು 365. ಏರುವುದಕ್ಕೆ ಧಾರಾಳ. ಆದರೆ ಟ್ರೇಲರಿನ ಮೂತಿ ಗೋಡೆಯಂತೆ ಚಪ್ಪಟೆ. ವೇಗವನ್ನು 80ರಿಂದ 100ಕ್ಕೆ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಪೆಟ್ರೋಲಿನ ಮುಳ್ಳು ಕಣ್ಣೆದುರೇ ಇಳಿಯುತ್ತದೆ.

ಎಂಜಿನ್ ಒಪ್ಪಿದ ಮಾತ್ರಕ್ಕೆ ಟ್ರಕ್ಕು ಒಪ್ಪಬೇಕೆಂದಿಲ್ಲ. ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು. ಭಾರ ಹಿಂದಕ್ಕೆ ಹೋದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಬಂದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. 2,700 ಕಿಲೋ ಟ್ರೇಲರಿಗೆ ಅದು ಸುಮಾರು 350 ಕಿಲೋ. ಟ್ರಕ್ಕಿನ ಪಾಲಿಗೆ ಅದು ಎಳೆಯುವ ಭಾರವಲ್ಲ, ಹೊರುವ ಭಾರ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದು ಎಂದು. ಅದರಲ್ಲಿ 700 ಎಂದಿದ್ದರೆ ಕೊಂಡಿಗೆ 350 ಹೋಯಿತು. ಐದು ಜನ, ಅವರ ಪೆಟ್ಟಿಗೆ, ಸೌದೆ, ಒಂದು ನಾಯಿ ಹತ್ತುವಷ್ಟರಲ್ಲಿ ಲೆಕ್ಕ ಮುಗಿದೇ ಹೋಗುತ್ತದೆ. ಎಂಜಿನ್ನಿನ ಬಲ ಇನ್ನೂ ಬಾಕಿ ಇರುತ್ತದೆ, ಸ್ಪ್ರಿಂಗು ಮತ್ತು ಟೈರುಗಳ ಬಲ ತೀರಿರುತ್ತದೆ.

ಹಾಗೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂಬದಿಗೆ ತಳ್ಳಿದರೆ ಬೇರೆಯೇ ಗಂಡಾಂತರ. ಕೊಂಡಿ ಹಗುರಾಗಿ, ಒಂದು ವೇಗ ದಾಟಿದ ಮೇಲೆ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ಆ ವೇಗದ ಕೆಳಗೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ಚಿಕ್ಕದಾಗಿ ಅಡಗುತ್ತದೆ, ಮೇಲೆ ಪ್ರತಿಯೊಂದೂ ದೊಡ್ಡದಾಗುತ್ತದೆ. ಆಗ ಟ್ರಕ್ಕಿನ ಬ್ರೇಕ್ ಒತ್ತಿದರೆ ಟ್ರೇಲರ್ ಬೆನ್ನಮೇಲೆ ಬರುತ್ತದೆ. ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು, ಡ್ಯಾಶ್‌ಬೋರ್ಡಿನ ಬಳಿಯ ಗುಂಡಿಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಹಾಕಬೇಕು.

ಆ ಬ್ರೇಕಿನ ಕೆಲಸ ನೋಡಲು ಚಂದ. ಪ್ರತಿ ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ. ಕರೆಂಟ್ ಹರಿದೊಡನೆ ಅದು ತಿರುಗುವ ಡ್ರಮ್ಮಿಗೆ ಕಚ್ಚಿಕೊಂಡು ಅದರ ಜೊತೆಗೇ ಎಳೆಸಿಕೊಂಡು ಸರಿಯುತ್ತದೆ. ಆ ಎಳೆತಕ್ಕೆ ಒಂದು ಸನ್ನೆ ಸರಿದು ಬ್ರೇಕ್ ಶೂಗಳನ್ನು ಹೊರಕ್ಕೆ ಒತ್ತುತ್ತದೆ. ಚಕ್ರ ನಿಲ್ಲುವುದು ಹೀಗೆ ತನ್ನದೇ ತಿರುಗುಬಲದಿಂದ.

ಸುರಂಗ ದಾಟಿ ಸಿಲ್ವರ್‌ಥಾರ್ನ್ ಊರಿಗೆ ಇಳಿಯುವಾಗಲೇ ನಿಜವಾದ ಪರೀಕ್ಷೆ. ಹದಿಮೂರು ಕಿಲೋಮೀಟರಿನಲ್ಲಿ ಸುಮಾರು 700 ಮೀಟರ್ ಇಳಿಜಾರು. ಐದು ಟನ್ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ನೂರು ಲೀಟರಿನ ಹಂಡೆಯ ತಣ್ಣೀರನ್ನು ಹತ್ತೇ ನಿಮಿಷದಲ್ಲಿ ಕುದಿಸಬಲ್ಲದು. ಒಂದಿಷ್ಟನ್ನು ಗಾಳಿ ತಿನ್ನುತ್ತದೆ, ಉಳಿದದ್ದು ಎಂಜಿನ್ನಿನ ತಡೆಗೆ ಅಥವಾ ಬ್ರೇಕಿಗೆ ಹೋಗಬೇಕು. ಏರುವಾಗ ಕೈಹಿಡಿದ ಟರ್ಬೊ ಈಗ ಕೆಲಸಕ್ಕೆ ಬಾರದು. ಇಳಿಯುವಾಗ ತಡೆಯುವುದು ಸಿಲಿಂಡರುಗಳ ಗಾತ್ರ, ಆ ಲೆಕ್ಕದಲ್ಲಿ 3.5 ಲೀಟರ್ ಚಿಕ್ಕದೇ. ಬ್ರೇಕನ್ನೇ ಒತ್ತಿಕೊಂಡಿದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಹಾಗೆ ಬ್ರೇಕ್ ಸೋತ ಲಾರಿಗಳಿಗೆಂದೇ ದಾರಿಯ ಪಕ್ಕ ಜಲ್ಲಿ ತುಂಬಿದ ಏರುದಾರಿಗಳನ್ನು ಕಟ್ಟಿದ್ದಾರೆ. ಬಲ್ಲವರು ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಂಜಿನ್ ಕಿರುಚಿದರೂ ಕಿರುಚಲಿ ಎಂದು ಬಿಟ್ಟು, ಬ್ರೇಕನ್ನು ಆಗಾಗ ಒತ್ತಿ ತಣಿಯಲು ಬಿಡುತ್ತಾರೆ.

ವಾಪಸು ಡೆನ್ವರಿಗೆ ಬರುವಾಗ ದಾರಿಯ ಕೊನೆಯಲ್ಲಿ ಬಯಲು ಕಂಡು ಮನಸ್ಸು ಹಗುರಾಗುತ್ತದೆ. ಸರಿಯಾಗಿ ಅಲ್ಲೇ ಲಾರಿಯವರಿಗೆಂದು ದೊಡ್ಡ ಹಳದಿ ಫಲಕ ನಿಲ್ಲಿಸಿದ್ದಾರೆ: ಮೋಸಹೋಗಬೇಡಿ, ಇಳಿಜಾರು ಇನ್ನೂ ಇದೆ. ಹಿಂದೆ ಮನೆ ಕಟ್ಟಿಕೊಂಡು ಬರುವ ಪಿಕಪ್ಪಿನವರೂ ಅದನ್ನು ತಮಗೇ ಬರೆದದ್ದೆಂದು ಓದಿಕೊಳ್ಳುವುದು ಒಳ್ಳೆಯದು.