ಲಸಿಕೆ ಬೇರೆ, ಸರ್ಟಿಫಿಕೇಟ್ ಬೇರೆ

2021ರ ಏಪ್ರಿಲ್ ಕೊನೆಯ ವಾರದಲ್ಲಿ ಯುಎಇ ಭಾರತದಿಂದ ಬರುವ ಪ್ರಯಾಣಿಕರನ್ನು ತಡೆಯಿತು. ರಜೆಗೆಂದು ಮಂಗಳೂರು, ಉಡುಪಿ, ಭಟ್ಕಳದ ಕಡೆ ಬಂದವರು ಊರಲ್ಲೇ ಸಿಕ್ಕಿಬಿದ್ದರು. ಸ್ಲಾಟ್ ಸಿಕ್ಕವರು ಇಲ್ಲಿಯೇ ಕೋವಿಶೀಲ್ಡ್ ಹಾಕಿಸಿಕೊಂಡು ಕಾದರು. ಆಗಸ್ಟ್ 5ರಂದು ದಾರಿ ತೆರೆಯಿತು, ಆದರೆ ಷರತ್ತಿನೊಂದಿಗೆ: ನಿವಾಸಿ ವೀಸಾ ಇರಬೇಕು, ಎರಡೂ ಡೋಸ್ ಯುಎಇಯಲ್ಲೇ ಆಗಿರಬೇಕು, ಎರಡನೆಯದಾಗಿ 14 ದಿನ ಕಳೆದಿರಬೇಕು. ವೈದ್ಯರು, ಶಿಕ್ಷಕರಂಥ ಕೆಲವರಿಗಷ್ಟೇ ವಿನಾಯಿತಿ. ಉಳಿದವರಿಗೆ ಊರಿನ ಲಸಿಕೆ ಕೆಲಸಕ್ಕೆ ಬರಲಿಲ್ಲ. ಕೆಲಸ ಹೋಗುವ ಭಯ, ವೀಸಾ ಮುಗಿಯುವ ಭಯದ ನಡುವೆ "ನಮ್ಮ ಲಸಿಕೆಗೆ ಹೊರಗೆ ಬೆಲೆ ಇಲ್ಲ" ಎಂಬ ಮಾತು ಮನೆಮನೆಗೂ ಹಬ್ಬಿತು.

ಆದರೆ ಅದೇ ವರ್ಷ ಫೆಬ್ರುವರಿಯಲ್ಲಿ ದುಬೈ ತನ್ನ ಜನರಿಗಾಗಿ ತರಿಸಿಕೊಂಡ ಆಸ್ಟ್ರಾಜೆನೆಕಾ ಲಸಿಕೆ, ಅಂದರೆ ಇದೇ ಕೋವಿಶೀಲ್ಡ್, ಬಂದಿದ್ದು ಭಾರತದಿಂದಲೇ. ಮತ್ತೆ ಸೆಪ್ಟೆಂಬರ್ 12ರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ಲಸಿಕೆಯನ್ನು ಎಲ್ಲಿ ಹಾಕಿಸಿಕೊಂಡಿದ್ದರೂ ಸರಿ ಎಂದು ಯುಎಇ ತನ್ನ ನಿವಾಸಿಗಳನ್ನು ಬರಮಾಡಿಕೊಂಡಿತು. ಆಗಸ್ಟ್‌ನಲ್ಲಿ ವಿಮಾನ ಹತ್ತಲಾಗದವರ ತೋಳಿನಲ್ಲಿದ್ದದ್ದೂ ಅದೇ ಲಸಿಕೆ, ಸೆಪ್ಟೆಂಬರ್‌ನಲ್ಲಿ ಹತ್ತಿದವರ ತೋಳಿನಲ್ಲಿದ್ದದ್ದೂ ಅದೇ. ನಡುವೆ ಬದಲಾದದ್ದು ನಿಯಮ ಮಾತ್ರ.

ಅನಿವಾಸಿಗಳ ಲಸಿಕೆಯ ಅನುಭವಗಳ ಸುತ್ತ ಬೆಳೆದ ತಪ್ಪು ತಿಳಿವಳಿಕೆಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಹೀಗೇ ಇವೆ. ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಸಿಕ್ಕ ಉತ್ತರವನ್ನು ವೈದ್ಯರ ಉತ್ತರವೆಂದು ಜನ ಭಾವಿಸಿದರು. ಆ ಭಾವನೆ ಇನ್ನೂ ಹೋಗಿಲ್ಲ. ಮುಂದೆ ಯಾವ ಲಸಿಕೆ ಬಂದರೂ ಅನುಮಾನದಿಂದ ನೋಡುವ ಅಭ್ಯಾಸಕ್ಕೆ ಅದು ಗೊಬ್ಬರವಾಗುತ್ತಿರುವುದರಿಂದ ಇಷ್ಟು ವರ್ಷಗಳಾದ ಮೇಲೂ ಇದನ್ನು ಬರೆಯಬೇಕೆನಿಸುತ್ತದೆ.

"ಯುರೋಪ್ ಕೋವಿಶೀಲ್ಡನ್ನು ತಿರಸ್ಕರಿಸಿತು"

2021ರ ಜುಲೈ 1ರಂದು ಯುರೋಪಿಯನ್ ಒಕ್ಕೂಟದ ಡಿಜಿಟಲ್ ಕೋವಿಡ್ ಸರ್ಟಿಫಿಕೇಟ್ ಜಾರಿಗೆ ಬಂತು. ಒಕ್ಕೂಟ ಒಪ್ಪಿದ ಲಸಿಕೆಗಳಲ್ಲಿ ಆಸ್ಟ್ರಾಜೆನೆಕಾದ ವ್ಯಾಕ್ಸ್‌ಜೆವ್ರಿಯಾ ಇತ್ತು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್ ಇರಲಿಲ್ಲ. ಎರಡೂ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಒಂದೇ ಲಸಿಕೆ. ಹಾಗಿದ್ದೂ ಒಂದು ಒಳಗೆ, ಇನ್ನೊಂದು ಹೊರಗೆ. ಇದು ಅವಮಾನವೆಂದು ಅನೇಕರಿಗೆ ಅನಿಸಿದ್ದು ಸಹಜವೇ.

ತಿರಸ್ಕರಿಸಬೇಕಾದರೆ ಮುಂದೆ ಅರ್ಜಿ ಇರಬೇಕು. ಕೋವಿಶೀಲ್ಡ್‌ಗಾಗಿ ತನಗೆ ಅರ್ಜಿಯೇ ಬಂದಿಲ್ಲವೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಆಗ ಹೇಳಿತ್ತು. ಅರ್ಜಿ ಬಂದು, ಪರೀಕ್ಷೆ ನಡೆದು, ಲಸಿಕೆ ಕಳಪೆ ಎಂಬ ತೀರ್ಮಾನ ಹೊರಬಿದ್ದಿರಲಿಲ್ಲ. ಒಂದೇ ಲಸಿಕೆಗೆ ಎರಡನೇ ಅರ್ಜಿ ಯಾಕೆ ಬೇಕು ಎಂದು ಕೇಳಬಹುದು. ರಾಸಾಯನಿಕಗಳಿಂದ ಮಾಡುವ ಮಾತ್ರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಇದೂ ಅದೂ ಒಂದೇ ಎಂದು ತೋರಿಸುವುದು ಸುಲಭ. ವೈರಸ್ಸನ್ನು ಜೀವಂತ ಕೋಶಗಳಲ್ಲಿ ಬೆಳೆಸಿ ತಯಾರಿಸುವ ಲಸಿಕೆ ಹಾಗಲ್ಲ. ಕೋಶ ಬೆಳೆಸುವ ರೀತಿ, ಉಷ್ಣಾಂಶ, ಸೋಸುವ ಹಂತ ಇವುಗಳಲ್ಲಿ ಸಣ್ಣ ವ್ಯತ್ಯಾಸವಾದರೂ ಕೊನೆಗೆ ಸಿಗುವ ವಸ್ತು ಬದಲಾಗಬಹುದು. ಅದಕ್ಕೇ ಅಲ್ಲಿಯ ಕಾನೂನು ಲಸಿಕೆಯನ್ನೂ ಅದು ತಯಾರಾಗುವ ಕಾರ್ಖಾನೆಯನ್ನೂ ಒಟ್ಟಿಗೆ ನೋಡಿ ಪರವಾನಗಿ ಕೊಡುತ್ತದೆ. ಇದು ಭಾರತಕ್ಕೆಂದೇ ಹೆಣೆದ ನಿಯಮವಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಇದೇ ಆಸ್ಟ್ರಾಜೆನೆಕಾ ಲಸಿಕೆ ತಯಾರಿಸುತ್ತಿದ್ದ ಹ್ಯಾಲಿಕ್ಸ್ ಕಾರ್ಖಾನೆ ಯುರೋಪಿನ ನೆಲದಲ್ಲೇ ಇದ್ದರೂ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2021ರ ಮಾರ್ಚ್ 26ರಂದು. ಅಲ್ಲಿಯವರೆಗೆ ಅದರ ಲಸಿಕೆಯನ್ನು ಒಕ್ಕೂಟದೊಳಗೆ ಬಳಸುವಂತಿರಲಿಲ್ಲ.

ಇದಕ್ಕಿಂತ ಕಣ್ಣು ತೆರೆಸುವ ಪ್ರಕರಣ ಬ್ರಿಟನ್ನಿನದು. ಅಲ್ಲಿಯ ನಿಯಂತ್ರಕರು ಪುಣೆಯ ಕಾರ್ಖಾನೆಯನ್ನು ಒಪ್ಪಿದ್ದರಿಂದ ಸೀರಂನಲ್ಲಿ ತಯಾರಾದ ಸುಮಾರು 50 ಲಕ್ಷ ಡೋಸ್ ಬ್ರಿಟನ್ನಿಗೆ ಹೋಗಿ ಅಲ್ಲಿಯ ಜನರಿಗೇ ಸಂದವು. ಹುಟ್ಟಾ ಬ್ರಿಟಿಷರು ತಮ್ಮ ಊರಿನ ಕೇಂದ್ರದಲ್ಲಿ ಪುಣೆಯ ಲಸಿಕೆ ಹಾಕಿಸಿಕೊಂಡರು. ಜುಲೈಯಲ್ಲಿ ಅಂಥ ಬ್ಯಾಚ್ ನಂಬರ್ ಇದ್ದ ಬ್ರಿಟಿಷ್ ಪ್ರವಾಸಿಗರನ್ನು ಮಾಲ್ಟಾ ಬಿಟ್ಟುಕೊಳ್ಳಲಿಲ್ಲ. ಅಂದರೆ ತಡೆ ಬಿದ್ದದ್ದು ಬ್ಯಾಚ್ ನಂಬರಿಗೆ. ಪಾಸ್‌ಪೋರ್ಟಿನ ಬಣ್ಣ ಯಾವುದೆಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅದೇ ಹೊತ್ತಿಗೆ ಜರ್ಮನಿ, ಸ್ಪೇನ್, ಐರ್ಲೆಂಡ್, ಸ್ವಿಟ್ಜರ್ಲೆಂಡ್‌ನಂಥ ದೇಶಗಳು ಒಕ್ಕೂಟದ ತೀರ್ಮಾನಕ್ಕೆ ಕಾಯದೆ ತಾವೇ ಕೋವಿಶೀಲ್ಡನ್ನು ಒಪ್ಪಿಕೊಂಡಿದ್ದವು.

ಪುಣೆಯ ಲಸಿಕೆಯನ್ನು ತನ್ನ ಜನರಿಗೇ ಹಾಕಿದ ಬ್ರಿಟನ್ ಭಾರತದಲ್ಲಿ ಅದನ್ನು ಪಡೆದವರನ್ನು ಮಾತ್ರ ಲಸಿಕೆ ಆಗದವರಂತೆ ಕಂಡಿತು. ಸೆಪ್ಟೆಂಬರ್ 22ರಂದು ಕೋವಿಶೀಲ್ಡ್ ಹೆಸರನ್ನು ಪಟ್ಟಿಗೆ ಸೇರಿಸಿದ ಮೇಲೂ ಭಾರತದ ಸರ್ಟಿಫಿಕೇಟನ್ನು ಒಪ್ಪಿರಲಿಲ್ಲ. ತಕರಾರು ಕಾಗದದ ಮೇಲೆ ಎಂಬುದು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಭಾರತದ ಕೋವಿನ್ ಪೋರ್ಟಲ್ ಕೊಡುತ್ತಿದ್ದ ಸರ್ಟಿಫಿಕೇಟಿನಲ್ಲಿ ಹುಟ್ಟಿದ ಇಸವಿಯ ಲೆಕ್ಕದ ವಯಸ್ಸು ಇರುತ್ತಿತ್ತು, ಪೂರ್ತಿ ಜನ್ಮದಿನಾಂಕ ಇರಲಿಲ್ಲ. ವಿದೇಶಕ್ಕೆ ಹೋಗುವವರಿಗಾಗಿ ಅದನ್ನು ಸೇರಿಸುವ ವ್ಯವಸ್ಥೆ ಆಗ ಬಂತು. ಬ್ರಿಟನ್ನಿಗೆ ಪ್ರತಿಯಾಗಿ ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷ್ ಪ್ರಜೆಗಳಿಗೆ 10 ದಿನದ ಕ್ವಾರಂಟೈನ್ ಹೇರಿತು. ಅಕ್ಟೋಬರ್ 11ಕ್ಕೆ ಬ್ರಿಟನ್ ಒಪ್ಪಿತು, ಭಾರತವೂ ತನ್ನ ನಿಯಮ ಹಿಂತೆಗೆದುಕೊಂಡಿತು. ಇಷ್ಟೆಲ್ಲ ನಡೆಯುವಾಗ ಕಾಲೇಜು ಶುರುವಾಗಿ ಲಂಡನ್, ಮ್ಯಾಂಚೆಸ್ಟರ್‌ಗೆ ಹೊರಟಿದ್ದ ನಮ್ಮ ಮಕ್ಕಳು ಎರಡು ಡೋಸ್ ಆಗಿದ್ದೂ ಕೋಣೆಯೊಳಗೆ ಕೂರಬೇಕಾಯಿತು. ಅದು ಅನ್ಯಾಯವೇ. ಆದರೆ ಆ ಅನ್ಯಾಯಕ್ಕೆ ಲಸಿಕೆಯ ಗುಣಮಟ್ಟ ಕಾರಣವಾಗಿರಲಿಲ್ಲ.

"ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದರೆ ಎಲ್ಲ ದೇಶಗಳೂ ಒಪ್ಪಲೇಬೇಕು"

ಆಫ್ರಿಕಾಕ್ಕೆ ಹೋಗಿಬಂದವರಿಗೆ ಹಳದಿ ಕಾರ್ಡ್ ಗೊತ್ತು. ಪೀತಜ್ವರದ ಲಸಿಕೆಯ ಆ ಪುಸ್ತಿಕೆಗೆ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಬೆಂಬಲವಿದೆ. ಒಂದೇ ನಮೂನೆ, ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿದ ಲಸಿಕೆ, ಗೊತ್ತುಪಡಿಸಿದ ಕೇಂದ್ರದ ಮೊಹರು. ಇಷ್ಟಿದ್ದರೆ ಅದು ಎಲ್ಲ ಕಡೆ ನಡೆಯುತ್ತದೆ, 2016ರ ಜುಲೈ 11ರಿಂದೀಚೆಗೆ ಜೀವನಪೂರ್ತಿ ನಡೆಯುತ್ತದೆ. ಕೋವಿಡ್‌ಗೂ ಹೀಗೆಯೇ ಇದೆ ಎಂದು ಜನ ಅಂದುಕೊಂಡರು. ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆಯ ಪಟ್ಟಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಲಸಿಕೆ ಕೊಳ್ಳಲು, ಸ್ವಂತ ಪರೀಕ್ಷಾ ವ್ಯವಸ್ಥೆ ಇಲ್ಲದ ದೇಶಗಳು ಬೇಗ ತೀರ್ಮಾನಕ್ಕೆ ಬರಲು ನೆರವಾಗುವ ಪಟ್ಟಿ. ಗಡಿಯಲ್ಲಿ ಯಾರನ್ನು ಬಿಡಬೇಕು ಎಂದು ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ.

ಭಾರತ್ ಬಯೋಟೆಕ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ರೂಪಿಸಿದ ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಇದರ ಬಿಸಿಯನ್ನು ಹೆಚ್ಚು ಉಂಡರು. ಅದು ಆ ಪಟ್ಟಿಗೆ ಸೇರಿದ್ದು 2021ರ ನವೆಂಬರ್ 3ರಂದು. ಒಮಾನ್ ಅದಕ್ಕೂ ಮೊದಲೇ, ಅಕ್ಟೋಬರ್ ಕೊನೆಯಲ್ಲಿ ಒಪ್ಪಿಕೊಂಡಿತ್ತು. ಆಸ್ಟ್ರೇಲಿಯಾ ನವೆಂಬರ್ 1ಕ್ಕೆ ಒಪ್ಪಿತು. ಅಮೆರಿಕ ನವೆಂಬರ್ 8ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನೇ ತನ್ನದಾಗಿ ಮಾಡಿಕೊಂಡಿತು, ಬ್ರಿಟನ್ ನವೆಂಬರ್ 22ಕ್ಕೆ ಒಪ್ಪಿತು. ಜರ್ಮನಿಯ ಒಪ್ಪಿಗೆಗೆ 2022ರ ಜೂನ್ 1ರವರೆಗೆ ಕಾಯಬೇಕಾಯಿತು. ಸೌದಿ ಅರೇಬಿಯಾದಲ್ಲಿ ಕೆಲಸವಿದ್ದ ಒಬ್ಬರು ಎರಡು ಡೋಸ್ ಕೋವ್ಯಾಕ್ಸಿನ್ ಆದ ಮೇಲೆ, ಅಲ್ಲಿ ಒಪ್ಪುವ ಬೇರೆ ಲಸಿಕೆ ಕೊಡಿಸಿ ಎಂದು ಕೇರಳ ಹೈಕೋರ್ಟ್ ಮೆಟ್ಟಿಲೇರಿದ್ದರು. ತನ್ನ ಸರ್ಕಾರ ಕೊಟ್ಟ ಲಸಿಕೆಯಿಂದಲೇ ಹೊಟ್ಟೆಪಾಡು ಹೋಗುತ್ತದೆ ಎಂಬ ಸ್ಥಿತಿ ಯಾರಿಗೂ ಬರಬಾರದು. ಯಾವ ದೇಶ ಯಾವುದನ್ನು ಒಪ್ಪುತ್ತದೆ ಎಂಬ ಮಾಹಿತಿಯನ್ನು ಲಸಿಕೆ ಕೇಂದ್ರದಲ್ಲೇ ಒಂದು ಹಾಳೆಯಲ್ಲಿ ಅಂಟಿಸಿದ್ದರೂ ಎಷ್ಟೋ ಜನರ ಪೇಚಾಟ ತಪ್ಪುತ್ತಿತ್ತು.

ಕ್ಯೂಆರ್ ಕೋಡ್ ಇದ್ದರೆ ಸಾಕು, ಎಲ್ಲಿ ಬೇಕಾದರೂ ಸ್ಕ್ಯಾನ್ ಆಗುತ್ತದೆ ಎಂಬ ನಂಬಿಕೆಯೂ ಇದರ ಜೊತೆಗೇ ಬಂತು. ಆ ಕೋಡ್‌ನ ಒಳಗೆ ಕೊಟ್ಟ ದೇಶದ ಡಿಜಿಟಲ್ ಸಹಿ ಇರುತ್ತದೆ. ಸಹಿ ಅಸಲಿಯೋ ಅಲ್ಲವೋ ಎಂದು ನೋಡಲು ಬೇಕಾದ ಕೀಲಿಯನ್ನು ಯುರೋಪಿನ ದೇಶಗಳು ತಮ್ಮ ತಮ್ಮಲ್ಲಿ ಹಂಚಿಕೊಂಡಿದ್ದವು. ಭಾರತ ಆ ಜಾಲದಲ್ಲಿ ಇರಲಿಲ್ಲ. ಹೀಗಾಗಿ ಬರ್ಲಿನ್ನಿನ ಹೋಟೆಲಿನ ಫೋನು ಕೋವಿನ್ ಕೋಡನ್ನು ಗುರುತಿಸದಿದ್ದರೆ ಅದು ನಕಲಿ ಎಂದು ಅರ್ಥವಲ್ಲ. ಜರ್ಮನಿಯಲ್ಲಿ ನೆಲೆಸಿದ ಅನೇಕರು ಭಾರತದ ಕಾಗದವನ್ನು ಔಷಧದಂಗಡಿಗೆ ಒಯ್ದು ಅಲ್ಲಿಯ ಕೋಡ್ ಮಾಡಿಸಿಕೊಂಡರು.

"ಪರದೇಶದಲ್ಲಿ ಮೊದಲು ಅವರ ಪ್ರಜೆಗಳು, ಉಳಿದರೆ ನಾವು"

ಮಕ್ಕಳು ಹೊರದೇಶದಲ್ಲಿದ್ದ ತಂದೆ ತಾಯಿಗೆ 2021ರ ಮೊದಲರ್ಧದಲ್ಲಿ ಇದ್ದ ದೊಡ್ಡ ಆತಂಕ ಇದೇ. ಬಹುತೇಕ ಕಡೆ ನೋಡಿದ್ದು ಎಲ್ಲಿ ವಾಸ ಎಂಬುದನ್ನು. ಬ್ರಿಟನ್ನಿನಲ್ಲಿ ವಯಸ್ಸಿನ ಸರದಿ ಬಂದವರಿಗೆ, ಯಾವ ಪಾಸ್‌ಪೋರ್ಟ್ ಇದ್ದರೂ, ಉಚಿತ. ವೀಸಾ ಸ್ಥಿತಿಯನ್ನು ಕೇಳುವಂತಿರಲಿಲ್ಲ. ಅಮೆರಿಕದಲ್ಲಿ ವಿಮೆ ಇಲ್ಲದಿದ್ದರೂ ಉಚಿತ. ದಾಖಲೆಯಿಲ್ಲದೆ ನೆಲೆಸಿದವರು ಹೆದರಬಾರದೆಂದು, ಲಸಿಕೆ ಕೇಂದ್ರಗಳ ಹತ್ತಿರ ವಲಸೆ ಅಧಿಕಾರಿಗಳ ಕಾರ್ಯಾಚರಣೆ ಇರುವುದಿಲ್ಲವೆಂದು ಆಂತರಿಕ ಭದ್ರತಾ ಇಲಾಖೆ 2021ರ ಫೆಬ್ರುವರಿಯಲ್ಲೇ ಹೇಳಿತು. ಏಪ್ರಿಲ್ 19ರ ಹೊತ್ತಿಗೆ ಅಲ್ಲಿಯ ಎಲ್ಲ ವಯಸ್ಕರಿಗೂ ಅವಕಾಶ ಸಿಕ್ಕಿತ್ತು. ಎಚ್‌1ಬಿ ವೀಸಾ ಮೇಲಿದ್ದ ನಮ್ಮ ಹುಡುಗರಿಗೆ ಊರಿನ ಅಣ್ಣ ತಮ್ಮಂದಿರಿಗಿಂತ ಮೊದಲೇ ಲಸಿಕೆ ಆಯಿತು, ಏಕೆಂದರೆ ಭಾರತದಲ್ಲಿ 18 ದಾಟಿದವರ ಸರದಿ ಶುರುವಾಗಿದ್ದೇ ಮೇ 1ಕ್ಕೆ. ಸಿಂಗಪುರ ದೀರ್ಘಾವಧಿ ಪಾಸ್ ಇದ್ದವರಿಗೆ ಪುಕ್ಕಟೆ ಕೊಟ್ಟಿತು. ಜಪಾನಿನಲ್ಲಿ ನಗರಸಭೆಯಲ್ಲಿ ನೋಂದಾಯಿಸಿದ ವಿದೇಶಿಯರ ಮನೆಗೂ ಅಂಚೆಯಲ್ಲಿ ಲಸಿಕೆ ಕೂಪನ್ ಬಂತು. ಸೌದಿಯಲ್ಲಿ ಇಕಾಮಾ (ವಾಸದ ಪರವಾನಗಿ) ಇದ್ದವರೆಲ್ಲ ಸೆಹತಿ ಆ್ಯಪ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು ದುಡ್ಡಿಲ್ಲದೆ ಹಾಕಿಸಿಕೊಂಡರು.

ಎಲ್ಲ ಕಡೆ ಹೀಗೆ ನಡೆಯಲಿಲ್ಲ. ಥಾಯ್ಲೆಂಡಿನಲ್ಲಿ ನೆಲೆಸಿದ ವಿದೇಶಿಯರು ತಿಂಗಳುಗಟ್ಟಲೆ ಕಾದು ಬೇಸತ್ತರು. ಫ್ರಾನ್ಸ್ ಅಲ್ಲಿದ್ದ ತನ್ನ ಪ್ರಜೆಗಳಿಗೆ ತಾನೇ ಲಸಿಕೆ ಕಳಿಸಿತು. ಚೀನಾ ವಿದೇಶಿಯರಿಗೂ ತನ್ನ ಲಸಿಕೆ ಕೊಟ್ಟಿತಾದರೂ ಬಯೋಎನ್‌ಟೆಕ್ ಬೇಕೆಂದ ಜರ್ಮನ್ನರಿಗಾಗಿ 2022ರ ಡಿಸೆಂಬರ್‌ನಲ್ಲಿ ಜರ್ಮನಿಯಿಂದಲೇ 11,500 ಡೋಸ್ ಹೋಗಬೇಕಾಯಿತು. ನಮ್ಮ ದೇಶವೂ ಈ ವಿಷಯದಲ್ಲಿ ತಡಮಾಡಿದೆ. ಇಲ್ಲಿ ನೆಲೆಸಿದ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ಕೋವಿನ್‌ನಲ್ಲಿ ನೋಂದಾಯಿಸಬಹುದೆಂದು ಕೇಂದ್ರ ಸರ್ಕಾರ ಹೇಳಿದ್ದು 2021ರ ಆಗಸ್ಟ್ 9ರಂದು. ಬೆಂಗಳೂರಿನಲ್ಲಿ ಓದುವ ಆಫ್ರಿಕಾದ ವಿದ್ಯಾರ್ಥಿಗಳು, ಇಲ್ಲಿಯ ಕಂಪನಿಗಳಿಗೆ ಬಂದ ಯುರೋಪಿನ ಎಂಜಿನಿಯರುಗಳ ಮನೆಯವರೂ ಆಗ ನಮ್ಮವರಷ್ಟೇ ಆತಂಕದಲ್ಲಿದ್ದರು.

"ಬೇರೆ ಬೇರೆ ಲಸಿಕೆ ಬೆರೆತರೆ ಅಪಾಯ"

ದೇಶ ಬದಲಿಸಿದವರಿಗೆ ಇದು ಬಿಡಿಸಲಾಗದ ಗಂಟಾಗಿತ್ತು. ಹೊರಗೆ ಒಂದು ಡೋಸ್ ಫೈಜರ್ ಆಗಿ ಊರಿಗೆ ಬಂದವರಿಗೆ ಎರಡನೆಯದು ಇಲ್ಲಿ ಸಿಗುತ್ತಿರಲಿಲ್ಲ, ಏಕೆಂದರೆ ಫೈಜರ್ ಭಾರತದ ಅಭಿಯಾನದಲ್ಲಿ ಬಳಕೆಗೆ ಬರಲೇ ಇಲ್ಲ. ಬೇರೆಯದು ಹಾಕಿಸಿಕೊಳ್ಳಲು ಭಯ.

ಬೆರೆಸುವುದನ್ನು ಕೆಲವು ದೇಶಗಳು ಯೋಚಿಸಿಯೇ ಮಾಡಿದವು. ಜರ್ಮನಿಯ ಚಾನ್ಸಲರ್ ಆಗಿದ್ದ ಆಂಗೆಲಾ ಮರ್ಕೆಲ್ 2021ರ ಏಪ್ರಿಲ್‌ನಲ್ಲಿ ಆಸ್ಟ್ರಾಜೆನೆಕಾ, ಜೂನ್‌ನಲ್ಲಿ ಮಾಡೆರ್ನಾ ಹಾಕಿಸಿಕೊಂಡರು. ಕೆನಡಾವೂ ಅದೇ ಜೂನ್‌ನಲ್ಲಿ ಆಸ್ಟ್ರಾಜೆನೆಕಾ ಪಡೆದವರಿಗೆ ಎರಡನೆಯದಾಗಿ ಮಾಡೆರ್ನಾದಂಥ ಎಂಆರ್‌ಎನ್‌ಎ ಲಸಿಕೆಯೇ ಒಳ್ಳೆಯದೆಂದು ಸಲಹೆ ಕೊಟ್ಟಿತು. ಆಕ್ಸ್‌ಫರ್ಡ್‌ನ ಕಾಮ್-ಕೋವ್ ಅಧ್ಯಯನದಲ್ಲಿ ಹೀಗೆ ಬೆರೆಸಿದವರಲ್ಲಿ ಜ್ವರ, ಸುಸ್ತು ಕೊಂಚ ಹೆಚ್ಚು ಕಂಡವು. ಎರಡೂ ಡೋಸ್ ಆಸ್ಟ್ರಾಜೆನೆಕಾ ಪಡೆದವರಿಗಿಂತ ಪ್ರತಿಕಾಯಗಳೂ ಹೆಚ್ಚಿದ್ದವು. ನಮ್ಮಲ್ಲಿ ಉತ್ತರ ಪ್ರದೇಶದ ಸಿದ್ಧಾರ್ಥನಗರದಲ್ಲಿ ಹಳ್ಳಿಗರಿಗೆ ಮೊದಲು ಕೋವಿಶೀಲ್ಡ್, ಆಮೇಲೆ ಅಚಾತುರ್ಯದಿಂದ ಕೋವ್ಯಾಕ್ಸಿನ್ ಹೋಗಿತ್ತು. ಅವರಲ್ಲಿ 18 ಜನರನ್ನು ಐಸಿಎಂಆರ್ ಪರೀಕ್ಷಿಸಿದಾಗ ತೊಂದರೆ ಕಾಣಲಿಲ್ಲ. ಸಣ್ಣ ಸಂಖ್ಯೆ, ನಿಜ, ಆದರೂ ಭಯಕ್ಕೆ ಅದು ಆಧಾರ ಕೊಡಲಿಲ್ಲ.

ತೊಂದರೆ ಬಂದದ್ದು ಮತ್ತೆ ಗಡಿಯಲ್ಲೇ. ಬೆರಕೆ ಡೋಸ್ ಪಡೆದ ಕೆನಡಾದವರನ್ನು ಅಮೆರಿಕ ಪೂರ್ಣ ಲಸಿಕೆ ಆದವರೆಂದು ಎಣಿಸಿದ್ದು 2021ರ ಅಕ್ಟೋಬರ್‌ನಲ್ಲಿ.

"84 ದಿನ ಕಾಯದೆ ಹಾಕಿಸಿಕೊಂಡದ್ದು ವ್ಯರ್ಥ"

ಕೋವಿಶೀಲ್ಡಿನ ಎರಡು ಡೋಸ್‌ಗಳ ಅಂತರ 2021ರ ಮೇ 13ರಂದು 12–16 ವಾರಕ್ಕೆ, ಅಂದರೆ ಕನಿಷ್ಠ 84 ದಿನಕ್ಕೆ ಏರಿತು. ಓದಲು, ಕೆಲಸಕ್ಕೆ, ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟವರಿಗೆ 28 ದಿನದ ಬಳಿಕ ಕೊಡಬಹುದೆಂದು ಜೂನ್ 7ರಂದು ವಿನಾಯಿತಿ ಬಂತು, ಪಾಸ್‌ಪೋರ್ಟ್ ಸಂಖ್ಯೆಯನ್ನು ಸರ್ಟಿಫಿಕೇಟಿಗೆ ಸೇರಿಸಲಾಯಿತು. ಬೇಗ ಪಡೆದವರಿಗೆ ರಕ್ಷಣೆಯೇ ಇಲ್ಲವೆಂದು ಕೆಲವರು, ಅಂತರ ಹೆಚ್ಚಿಸಿದ್ದು ದಾಸ್ತಾನು ಇಲ್ಲದ್ದಕ್ಕೆ ಕಟ್ಟಿದ ಕಥೆಯೆಂದು ಇನ್ನು ಕೆಲವರು ಹೇಳಿದರು. 2021ರಲ್ಲೇ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರಾಜೆನೆಕಾ ಲಸಿಕೆಯ ಪ್ರಯೋಗದ ಲೆಕ್ಕದಂತೆ, ಆರು ವಾರದೊಳಗೆ ಎರಡನೇ ಡೋಸ್ ಪಡೆದವರಲ್ಲಿ ಪರಿಣಾಮ ಶೇ 55.1, 12 ವಾರ ಅಥವಾ ಹೆಚ್ಚು ಕಾದವರಲ್ಲಿ ಶೇ 81.3. ಕಾದರೆ ಲಾಭ ಹೆಚ್ಚು, ಕಾಯದಿದ್ದರೂ ಲಾಭವಿದೆ. ಆಗಸ್ಟ್‌ನಲ್ಲಿ ವಿಮಾನವಿದ್ದ ವಿದ್ಯಾರ್ಥಿಗೆ 28 ದಿನಕ್ಕೇ ಕೊಟ್ಟದ್ದು ಸರಿಯಾದ ತೀರ್ಮಾನ.

ಆ ದಿನಗಳ ಕಾಗದಗಳನ್ನು ಇನ್ನೂ ಜೋಪಾನ ಮಾಡಬೇಕೇ ಎಂದು ಹಲವರು ಕೇಳುತ್ತಾರೆ. ಅಮೆರಿಕಕ್ಕೆ ವಿಮಾನದಲ್ಲಿ ಹೋಗುವ ವಿದೇಶಿಯರಿಗೆ ಲಸಿಕೆ ಕಡ್ಡಾಯವೆಂಬ ನಿಯಮ 2023ರ ಮೇ ತಿಂಗಳಲ್ಲಿ ಹೋಯಿತು. ಅಲ್ಲೇ ಇದ್ದು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವವರ ವೈದ್ಯಕೀಯ ತಪಾಸಣೆಗೆ 2021ರ ಅಕ್ಟೋಬರ್‌ನಿಂದ ಸೇರಿದ್ದ ಕೋವಿಡ್ ಲಸಿಕೆಯ ದಾಖಲೆಯ ಬೇಡಿಕೆಯನ್ನು 2025ರ ಜನವರಿ 22ರಿಂದ ಕೈಬಿಡಲಾಗಿದೆ. ಗಡಿಗೆ ಈಗ ಅದು ಬೇಡ. ಆದರೆ ಯಾವ ಲಸಿಕೆ, ಯಾವ ದೇಶದಲ್ಲಿ, ಯಾವ ತಾರೀಕಿಗೆ ಆಯಿತು ಎಂಬುದು ನಿಮ್ಮ ಆರೋಗ್ಯದ ದಾಖಲೆ. ಹೊಸ ಊರಿನ ವೈದ್ಯರ ಬಳಿ ಮೊದಲ ಸಲ ಹೋಗುವಾಗ ಅದನ್ನು ಕೊಡಿ, ಎರಡು ದೇಶಗಳ ಡೋಸ್‌ಗಳಿದ್ದರೆ ಎರಡನ್ನೂ ಕೊಡಿ.