ಕ್ಯಾನ್ಸರ್ ಸಂಶೋಧನೆ: ಪ್ರಶ್ನೆ ನಮ್ಮದು, ಸೀಟೂ ಇಲ್ಲೇ ಇದೆ

ತಲೆ ಮತ್ತು ಕತ್ತಿನ ಕ್ಯಾನ್ಸರ್ ಕೈಮೀರಿದವರಿಗೆ ನಿವೊಲುಮ್ಯಾಬ್ ಎಂಬ ಔಷಧಿಯನ್ನು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂನಂತೆ ಕೊಡುವುದು ಶ್ರೀಮಂತ ದೇಶಗಳ ರೂಢಿ. ನಮ್ಮಲ್ಲಿ ಆ ಖರ್ಚು ತಾಳಿಕೊಳ್ಳುವವರು ಬೆರಳೆಣಿಕೆಯಷ್ಟು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ಕೊಟ್ಟು ನೋಡಿದರು, ಅದೂ ಕಡಿಮೆ ಖರ್ಚಿನ ಮಾತ್ರೆಗಳ ಜೊತೆಗೆ. ಬರಿಯ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 16 ಮಂದಿ. ಜೊತೆಗೆ ಆ ಚಿಕ್ಕ ಡೋಸನ್ನೂ ಪಡೆದವರಲ್ಲಿ 43. ಈ ಫಲಿತಾಂಶ 2023ರಲ್ಲಿ ‘ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿ’ಯಲ್ಲಿ ಅಚ್ಚಾದಾಗ ಹೊರದೇಶಗಳ ತಜ್ಞರೂ ತಿರುಗಿ ನೋಡಿದರು.

ಹನ್ನೆರಡರಲ್ಲಿ ಒಂದು ಪಾಲು ಡೋಸು ಇಷ್ಟು ಕೆಲಸ ಮಾಡಿದ್ದು ಹೇಗೆ? ಅದೇ ಔಷಧಿ ಪಡೆದೂ ವರ್ಷ ದಾಟದೆ ಹೋದ ಅರ್ಧಕ್ಕಿಂತ ಹೆಚ್ಚು ರೋಗಿಗಳ ಗಡ್ಡೆಯೊಳಗೆ ಏನು ಬೇರೆ ಇತ್ತು? ಯಾರಿಗೆ ಫಲಿಸುತ್ತದೆ ಎಂದು ಒಂದು ಚೂರು ಮಾಂಸ ಅಥವಾ ಒಂದು ಸಿರಿಂಜು ರಕ್ತ ನೋಡಿ ಮೊದಲೇ ಹೇಳಬಹುದೇ? ಐದು ವರ್ಷ ಕೂತು ಬಿಡಿಸಬೇಕಾದ ಇಂಥ ಪ್ರಶ್ನೆಗಳಿಗೇ ಪಿಎಚ್‌ಡಿ ಎಂದು ಹೆಸರು. ಜೀವವಿಜ್ಞಾನದ ಎಂ.ಎಸ್ಸಿ. ಮುಗಿಸಿ ‘ಮುಂದೇನು’ ಎಂದು ಕೂತಿರುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಈ ಪ್ರಶ್ನೆಗಳು ಬಾಸ್ಟನ್ನಿನಲ್ಲೋ ಲಂಡನ್ನಿನಲ್ಲೋ ಹುಟ್ಟಿದವಲ್ಲ. ಇವುಗಳ ರೋಗಿಗಳು, ಮಾದರಿಗಳು, ವೈದ್ಯರು ಎಲ್ಲರೂ ಇಲ್ಲಿದ್ದಾರೆ.

ಭಾರತದಲ್ಲಿ 2022ರಲ್ಲಿ ಸುಮಾರು 14 ಲಕ್ಷ ಮಂದಿಗೆ ಹೊಸದಾಗಿ ಕ್ಯಾನ್ಸರ್ ತಗುಲಿತೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಎಲ್ಲಕ್ಕಿಂತ ಮುಂದೆ. ಅದೇ ಸಂಸ್ಥೆ, ತಂಬಾಕು ಸೇರದ ಬರಿ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು 2003ರಲ್ಲಿ ತೀರ್ಮಾನಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಈ ವಿಷಯ ಎತ್ತುವುದೇ ಕಷ್ಟ, ಅದು ಅನ್ನದ ಪ್ರಶ್ನೆಯೂ ಹೌದು. ಆ ಕಾರಣಕ್ಕೇ ಅಡಿಕೆಯ ಯಾವ ಅಂಶ, ಎಷ್ಟು ಕಾಲದಲ್ಲಿ, ಯಾವ ಜೀನುಗಳನ್ನು ಕೆಡಿಸುತ್ತದೆ ಎಂಬುದನ್ನು ಗಾಳಿಮಾತಿಗೆ ಬಿಡದೆ ಪ್ರಯೋಗಾಲಯದಲ್ಲಿ ಕಂಡುಕೊಳ್ಳಬೇಕು. ಹತ್ತಾರು ದೇಶಗಳು ಒಂದೊಂದು ಕ್ಯಾನ್ಸರಿನ ಜೀನು ನಕ್ಷೆ ಬಿಡಿಸಲು ಕೈಜೋಡಿಸಿದಾಗ ಭಾರತ ವಹಿಸಿಕೊಂಡದ್ದು ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರನ್ನು. ಕವಳ ಇಟ್ಟುಕೊಳ್ಳುವ ಜಾಗವೇ ಅದು. ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಅಂಗವಾದ ಆಕ್ಟ್ರೆಕ್ ಸೇರಿ ಮಾಡಿದ ಆ ಕೆಲಸದ ಮೊದಲ ಫಲ 2013ರಲ್ಲಿ ಹೊರಬಂತು. ಆ ನಕ್ಷೆಯಲ್ಲಿ ಕಂಡ ಪ್ರತಿ ಹೊಸ ಜೀನಿನ ಹಿಂದೆಯೂ ಒಬ್ಬ ವಿದ್ಯಾರ್ಥಿಗೆ ಸಾಕಾಗುವಷ್ಟು ಕೆಲಸ ಉಳಿದಿದೆ.

ಕ್ಯಾನ್ಸರ್ ಜೀವವಿಜ್ಞಾನವೂ ರೋಗನಿರೋಧಕ ವಿಜ್ಞಾನವೂ ಒಂದು ಕಾಲಕ್ಕೆ ಬೇರೆ ಬೇರೆ ಬೀದಿಗಳು. ಒಂದರಲ್ಲಿ ಕೆಟ್ಟ ಜೀನಿನ ಅಭ್ಯಾಸ, ಇನ್ನೊಂದರಲ್ಲಿ ಸೋಂಕು ಮತ್ತು ಲಸಿಕೆ. ಜಪಾನಿನ ತಸುಕು ಹೊಂಜೊ 1992ರಲ್ಲಿ ಪಿಡಿ-1 ಎಂಬ ಪ್ರೋಟೀನನ್ನು ಗುರುತಿಸಿದರು. ನಮ್ಮನ್ನು ಕಾಯುವ ಟಿ ಕೋಶಗಳ ಮೈಮೇಲೆ ಅದು ಬ್ರೇಕಿನಂತೆ ಕೂತಿರುತ್ತದೆ, ಗಡ್ಡೆ ಅದನ್ನೇ ಅದುಮಿ ಹಿಡಿದು ಬಚಾವಾಗುತ್ತದೆ. ಅಮೆರಿಕದ ಜೇಮ್ಸ್ ಆಲಿಸನ್ ಇಂಥದ್ದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ್ದರು. ಇಬ್ಬರಿಗೂ 2018ರ ನೊಬೆಲ್ ಬಂತು. ಆರಂಭದಲ್ಲಿ ಹೇಳಿದ ನಿವೊಲುಮ್ಯಾಬ್, ಪಿಡಿ-1 ಅನ್ನು ಗಡ್ಡೆಯ ಹಿಡಿತದಿಂದ ಬಿಡಿಸುವ ಔಷಧಿ. 2025ರ ವೈದ್ಯಕೀಯ ನೊಬೆಲ್ ಕೂಡ ಇದೇ ಊರಿನದು: ದೇಹ ತನ್ನ ಮೇಲೆ ತಾನೇ ಬೀಳದಂತೆ ತಡೆಯುವ ‘ನಿಯಂತ್ರಕ ಟಿ ಕೋಶ’ಗಳನ್ನು ತೋರಿಸಿಕೊಟ್ಟ ಶಿಮೊನ್ ಸಕಾಗುಚಿ, ಮೇರಿ ಬ್ರುಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ. ಗಡ್ಡೆಗಳು ಈ ಕೋಶಗಳನ್ನೂ ತಮ್ಮ ಸುತ್ತ ಸೇರಿಸಿಕೊಂಡು ಕಾವಲಿಗೆ ಇಟ್ಟುಕೊಳ್ಳುತ್ತವೆ. ಹಾಗಾಗಿ ಈಗ ಈ ಎರಡರಲ್ಲಿ ಒಂದನ್ನು ಮಾತ್ರ ಓದಿಕೊಂಡು ಸಂದರ್ಶನಕ್ಕೆ ಹೋಗುವುದು ಅರ್ಧ ಸಿದ್ಧತೆ.

ನಮ್ಮ ನೆಲದಲ್ಲೇ ಈ ಎರಡೂ ಕೂಡಿದ್ದಕ್ಕೆ ಒಳ್ಳೆಯ ಸಾಕ್ಷಿ ಕಾರ್-ಟಿ ಚಿಕಿತ್ಸೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸುವ ಹೊಸ ಜೀನನ್ನು ಅವಕ್ಕೆ ಸೇರಿಸಿ, ಬೆಳೆಸಿ, ಮರಳಿ ಅದೇ ರೋಗಿಯ ರಕ್ತಕ್ಕೆ ಬಿಡುವುದು ಇದರ ವಿಧಾನ. ಅಮೆರಿಕದಲ್ಲಿ ಕೋಟಿಗಟ್ಟಲೆ ರೂಪಾಯಿ ತಗಲುವ ಇದನ್ನು ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ‘ನೆಕ್ಸ್‌ಕಾರ್19’ ಎಂಬ ಹೆಸರಿನಲ್ಲಿ ತಯಾರಿಸಿ, ಖರ್ಚನ್ನು ಲಕ್ಷಗಳ ಲೆಕ್ಕಕ್ಕೆ ಇಳಿಸಿದವು. ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ. ಐಐಟಿಯ ರಾಹುಲ್ ಪುರ್ವಾರ್ ಅವರ ಲ್ಯಾಬಿನಲ್ಲಿ ಇದರ ಬೆಂಚ್ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೂ ಇದ್ದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ ತನ್ನ ಕಾರ್-ಟಿ ಚಿಕಿತ್ಸೆಯನ್ನು 2025ರಲ್ಲಿ ಬಿಡುಗಡೆ ಮಾಡಿದೆ. ಪಿಎಚ್‌ಡಿ ಆದ ಮೇಲೆ ಕೆಲಸ ಎಲ್ಲಿ ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಹದಿನೈದು ವರ್ಷದ ಹಿಂದೆ ಕೊಡಲಾಗದಿದ್ದ ಒಂದು ಉತ್ತರ ಈಗ ಇದೆ.

ಇನ್ನು ಜಾಗಗಳ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಸ್ತನ ಕ್ಯಾನ್ಸರಿನ ಕಾಂಡಕೋಶಗಳ ಬಗ್ಗೆ, ಸತೀಸ್ ರಾಘವನ್ ಡಿಎನ್‌ಎ ಮುರಿತ ಮತ್ತು ದುರಸ್ತಿಯ ಬಗ್ಗೆ ಕೆಲಸ ಮಾಡುತ್ತ ಬಂದವರು. ಅಲ್ಲೇ ಮೋಹಿತ್ ಕುಮಾರ್ ಜಾಲಿ ಅವರ ಗುಂಪು ಕ್ಯಾನ್ಸರ್ ಹರಡುವ ಬಗೆಯನ್ನು ಗಣಿತದ ಮಾದರಿಗಳಿಂದ ಅಭ್ಯಾಸ ಮಾಡುತ್ತದೆ. ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಓದಿದವರು ಕ್ಯಾನ್ಸರ್ ನಮಗಲ್ಲ ಎಂದುಕೊಳ್ಳಬೇಕಿಲ್ಲ. ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನದ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೆ. ರಾಜ್ಯದಾಚೆ ಹೋಗುವುದಾದರೆ ನವಿ ಮುಂಬೈನ ಖಾರ್ಘರ್‌ನಲ್ಲಿರುವ ಆಕ್ಟ್ರೆಕ್‌ಗೆ ಸರಿಸಾಟಿಯಾದದ್ದು ಕಡಿಮೆ, ಏಕೆಂದರೆ ಅಲ್ಲಿ ಲ್ಯಾಬು ಮತ್ತು ಆಸ್ಪತ್ರೆ ಒಂದೇ ಆವರಣದಲ್ಲಿವೆ. ರೋಗನಿರೋಧಕ ವಿಜ್ಞಾನವೇ ಬೇಕೆಂದರೆ ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆ ಇದೆ. ಪುಣೆ, ಹೈದರಾಬಾದ್, ತಿರುವನಂತಪುರದ ಕೇಂದ್ರಗಳೂ ಅಷ್ಟೇ ಗಟ್ಟಿ. ಮಣಿಪಾಲ, ಮಂಗಳೂರು, ಮೈಸೂರಿನ ವಿಶ್ವವಿದ್ಯಾಲಯಗಳನ್ನು ಕೀಳಾಗಿ ನೋಡುವ ಚಾಳಿ ಒಂದಿದೆ, ನನಗದು ಒಪ್ಪಿಗೆಯಿಲ್ಲ. ಆಸ್ಪತ್ರೆ ಪಕ್ಕದಲ್ಲಿದ್ದು, ರೋಗಿಗಳ ಮಾದರಿ ಸಿಗುತ್ತಿದ್ದು, ಗೈಡ್ ಸ್ವತಃ ಬೆಂಚಿನ ಹತ್ತಿರ ಬರುವವರಾದರೆ ಸಂಸ್ಥೆಯ ಹೆಸರು ಚಿಕ್ಕದಾದರೂ ಸರಿ.

ಬಾಗಿಲು ತೆರೆಯುವ ಪರೀಕ್ಷೆಗಳಲ್ಲಿ ದೊಡ್ಡದು ಸಿಎಸ್‌ಐಆರ್-ಯುಜಿಸಿ ನೆಟ್. ಜೀವವಿಜ್ಞಾನದ ಪತ್ರಿಕೆಗೆ 200 ಅಂಕ. ಅದರಲ್ಲಿ 100 ಅಂಕ ಕೊನೆಯ ಭಾಗದ 25 ಉತ್ತರಗಳಿಗೇ ಮೀಸಲು, ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಒಂದು ಪ್ರಯೋಗದ ಚಿತ್ರ ಕೊಟ್ಟು ಇದರಿಂದ ಏನು ತಿಳಿಯುತ್ತದೆ ಎಂದು ಕೇಳುತ್ತಾರೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರಿಗೆ ಹೆಚ್ಚಿನ ಹೊರೆ. ಇದಕ್ಕೆ ಕೋಚಿಂಗಿಗಿಂತ ಒಳ್ಳೆಯ ಮದ್ದು, ಎಂ.ಎಸ್ಸಿ. ಮೊದಲ ವರ್ಷದಿಂದಲೇ ವಾರಕ್ಕೊಂದು ಸಂಶೋಧನಾ ಪ್ರಬಂಧವನ್ನು ನಾಲ್ಕಾರು ಗೆಳೆಯರು ಕೂತು, ಕನ್ನಡದಲ್ಲೇ ಜಗಳವಾಡುತ್ತ ಓದುವುದು. ಎನ್‌ಸಿಬಿಎಸ್‌ಗೆ ಟಿಐಎಫ್‌ಆರ್ ನಡೆಸುವ ಜೆಜೀಬಿಲ್ಸ್ ಎಂಬ ಬೇರೆ ಪರೀಕ್ಷೆಯಿದೆ. ಗೇಟ್ ಕೂಡ ಕೆಲವು ಕಡೆ ನಡೆಯುತ್ತದೆ. ಬಿ.ಎಸ್ಸಿ. ಮುಗಿಸಿದ ಕೂಡಲೇ ಸೇರಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್ ಬರೆಯಬೇಕು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ನೇರ ಪಿಎಚ್‌ಡಿಗೆ ಸೇರಬಹುದೆಂದು ಯುಜಿಸಿ 2022ರ ನಿಯಮ ಹೇಳುತ್ತದಾದರೂ, ಕರ್ನಾಟಕ ಸರ್ಕಾರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿರುವುದರಿಂದ ನಮ್ಮ ಬಹುಪಾಲು ಮಕ್ಕಳಿಗೆ ಎಂ.ಎಸ್ಸಿ. ದಾರಿಯೇ ಗತಿ.

ನೆಟ್ ಮೂಲಕ ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಸಾಫ್ಟ್‌ವೇರಿಗೆ ಹೋದ ಗೆಳೆಯನ ಸಂಬಳದ ಮುಂದೆ ಇದು ಸಣ್ಣದೇ. ಅದೂ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆಂಬ ದೂರು ದೇಶದ ನಾನಾ ಭಾಗದ ವಿದ್ಯಾರ್ಥಿಗಳಿಂದ ಬರುತ್ತಲೇ ಇದೆ. ತಡವಾದ ಫೆಲೋಶಿಪ್ಪಿನಿಂದ ಮೊದಲು ಕೈಬಿಡುವವರು ಬಡಮನೆಯಿಂದ ಬಂದವರೇ. ಇದನ್ನು ಆಡಳಿತದ ಸಣ್ಣ ಲೋಪವೆಂದು ತಳ್ಳಿಹಾಕುವುದು ಅನ್ಯಾಯ.

ಸೇರಿದ ಮೇಲೆ ದಿನ ಹೇಗಿರುತ್ತದೆ? ಬಾಯಿ ಕ್ಯಾನ್ಸರಿನ ಲ್ಯಾಬೊಂದನ್ನೇ ತೆಗೆದುಕೊಳ್ಳೋಣ. ರೋಗಿಯ ಲಿಖಿತ ಒಪ್ಪಿಗೆ, ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಎರಡೂ ಮೊದಲೇ ಆಗಿರಬೇಕು. ಆಪರೇಷನ್ ಎಷ್ಟು ಹೊತ್ತಿಗೆ ಮುಗಿಯುತ್ತದೋ ಗೊತ್ತಿಲ್ಲ. ಥಿಯೇಟರಿನ ಹೊರಗೆ ಐಸ್ ಡಬ್ಬಿ ಹಿಡಿದು ಕಾಯಬೇಕು. ಕೈಗೆ ಬರುವುದು ಕಡಲೆಕಾಳಿನಷ್ಟು ಮಾಂಸ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಅದನ್ನು ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಎಳೆಗಳನ್ನು ಕರಗಿಸುವ ಕೊಲ್ಲಾಜಿನೇಸ್ ಎಂಬ ಕಿಣ್ವದಲ್ಲಿ 37 ಡಿಗ್ರಿ ಬಿಸಿಯಲ್ಲಿ ಇಟ್ಟು, ಸೂಕ್ಷ್ಮ ಜಾಲರಿಯಲ್ಲಿ ಸೋಸಿ ಬಿಡಿ ಕೋಶಗಳನ್ನು ಪಡೆಯುತ್ತಾರೆ. ಒಂದು ಹನಿಗೆ ಟ್ರಿಪಾನ್ ಬ್ಲೂ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಕೋಶ ನೀಲಿಯಾಗಿ ಕಾಣುತ್ತದೆ, ಬದುಕಿದ್ದು ಬಿಳಿಯಾಗಿ ಹೊಳೆಯುತ್ತದೆ. ನೀಲಿಯೇ ಹೆಚ್ಚಿದ್ದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು, ಇನ್ನೊಬ್ಬ ರೋಗಿಯ ಆಪರೇಷನ್ ತನಕ ಕಾಯಬೇಕು. ಸರಿಯಾಗಿದ್ದರೆ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಸೇರಿಸಿ ಫ್ಲೋ ಸೈಟೋಮೀಟರಿಗೆ ಬಿಡುತ್ತಾರೆ. ಕೋಶಗಳು ಒಂದರ ಹಿಂದೊಂದು ಲೇಸರ್ ಕಿರಣ ಹಾಯುತ್ತವೆ, ಪ್ರತಿಯೊಂದೂ ಪರದೆಯ ಮೇಲೆ ಒಂದು ಚುಕ್ಕಿಯಾಗಿ ಬೀಳುತ್ತದೆ. ಯಾವ ಟಿ ಕೋಶದ ಮೇಲೆ ಪಿಡಿ-1 ಇದೆ, ಯಾವುದರ ಮೇಲೆ ಇಲ್ಲ ಎಂದು ಚುಕ್ಕಿಗಳ ಗುಂಪು ನೋಡಿ ಹೇಳಬಹುದು. ಹೊತ್ತು ರಾತ್ರಿ ಹತ್ತಾಗಿರುತ್ತದೆ. ಇಂಥ ಹತ್ತಾರು ರೋಗಿಗಳ ಮಾದರಿ ಕೂಡಿದರೆ ಪ್ರಬಂಧದ ಒಂದು ಚಿತ್ರ ತಯಾರು.

ಈ ನಿಧಾನವನ್ನು ತಾಳಿಕೊಳ್ಳಬಲ್ಲೆನೇ ಎಂದು ಪರೀಕ್ಷಿಸಿಕೊಳ್ಳಲು ಪಿಎಚ್‌ಡಿಗೆ ಸೇರಬೇಕಾಗಿಲ್ಲ. ಆರು ತಿಂಗಳು ಪ್ರಾಜೆಕ್ಟ್ ಸಹಾಯಕರಾಗಿ ಒಂದು ಲ್ಯಾಬಿನಲ್ಲಿ ದುಡಿದರೆ ಗೊತ್ತಾಗುತ್ತದೆ, ಸಂಬಳವೂ ಸಿಗುತ್ತದೆ. ಗೈಡನ್ನು ಆರಿಸುವಾಗಲೂ ಇದೇ ಅನುಭವ ಕೈಹಿಡಿಯುತ್ತದೆ. ಅವರ ಲ್ಯಾಬಿನಿಂದ ಹೊರಬಂದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಎರಡೇ ಮಾತು ಕೇಳಿ: ಎಷ್ಟು ವರ್ಷ ಹಿಡಿಯಿತು, ಪ್ರಯೋಗ ಕೆಟ್ಟಾಗ ಸರ್ ಅಥವಾ ಮೇಡಂ ಏನೆಂದರು? ಪ್ರಬಂಧಗಳ ಪಟ್ಟಿಯಿಂದ ಎರಡನೆಯದು ತಿಳಿಯುವುದಿಲ್ಲ.

ಹೊರದೇಶಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೈಡೆಲ್‌ಬರ್ಗ್‌ನ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ, ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವೆಂದು ತೋರಿಸಿ 2008ರಲ್ಲಿ ನೊಬೆಲ್ ಪಡೆದ ಹೆರಾಲ್ಡ್ ಸುರ್ ಹೌಸನ್ ಅವರ ಮನೆಯಂಥ ಜಾಗ. ಅಲ್ಲಿನ ಪಿಎಚ್‌ಡಿ ಇಂಗ್ಲಿಷಿನಲ್ಲೇ ನಡೆಯುತ್ತದೆ, ಸಂಬಳವೂ ಇದೆ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆ ನಾಲ್ಕು ವರ್ಷಕ್ಕೆ ಪೂರ್ತಿ ಖರ್ಚು ಭರಿಸುತ್ತದೆ. ಅಮೆರಿಕದ ದಾರಿ ಮಾತ್ರ ಈಗ ಇಕ್ಕಟ್ಟು. ಅಲ್ಲಿನ ಕೇಂದ್ರ ಸರ್ಕಾರದ ಸಂಶೋಧನಾ ಹಣಕ್ಕೆ 2025ರಲ್ಲಿ ಕತ್ತರಿ ಬಿದ್ದ ಮೇಲೆ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿಮೆ ಮಾಡಿದವು. ಎಲ್ಲಿಗೇ ಹೋದರೂ ಸಾಲ ಮಾಡಿ, ಕೈಯಿಂದ ಹಣ ಹಾಕಿ ಪಿಎಚ್‌ಡಿ ಮಾಡಬೇಡಿ. ಜೀವವಿಜ್ಞಾನದಲ್ಲಿ ಒಳ್ಳೆಯ ಲ್ಯಾಬು ವಿದ್ಯಾರ್ಥಿಗೆ ಹಣ ಕೊಡುತ್ತದೆ, ಕೇಳುವುದಿಲ್ಲ.

ಇಲ್ಲಿರಲಿ, ಅಲ್ಲಿರಲಿ, ಗೈಡಿಗೆ ಬರೆಯುವ ಮೊದಲ ಮೇಲ್ ಹತ್ತು ಸಾಲು ದಾಟಬಾರದು. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ ನೂರು ಮಂದಿಗೆ ಒಟ್ಟಿಗೆ ಹೋದ ಪತ್ರವನ್ನು ಅವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಅವರ ಒಂದು ಪ್ರಬಂಧದ ಹೆಸರು ಹೇಳಿ, ಅದರ ಯಾವ ಚಿತ್ರ ನಿಮ್ಮಲ್ಲಿ ಯಾವ ಅನುಮಾನ ಹುಟ್ಟಿಸಿತು ಎಂದು ಬರೆಯಿರಿ. ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟಿನ ಬಗ್ಗೆ ಎರಡು ಸಾಲು ಸಾಕು. ಆ ಪ್ರಯೋಗಕ್ಕೆ ಹೋಲಿಕೆಗಾಗಿ ಇಟ್ಟುಕೊಂಡ ಕಂಟ್ರೋಲ್ ಯಾವುದು, ಅದನ್ನೇ ಏಕೆ ಆರಿಸಿದಿರಿ ಎಂದು ಹೇಳಲು ಮಾತ್ರ ತಯಾರಾಗಿರಿ, ಸಂದರ್ಶನದಲ್ಲಿ ಮೊದಲು ಎಡವುವುದು ಅಲ್ಲೇ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ನೆನಪಿಸುವುದರಲ್ಲಿ ಸಂಕೋಚ ಬೇಡ. ಬಹಳಷ್ಟು ಸಲ ಪ್ರಾಧ್ಯಾಪಕರು ಮರೆತಿರುತ್ತಾರೆಯೇ ಹೊರತು ಬೇಡವೆಂದಿರುವುದಿಲ್ಲ.