*ಎದೆಬಡಿತ ಒಮ್ಮೆ ತಪ್ಪಿದಂತಾದರೆ ಹೆದರಬೇಕೇ?*

ರಾತ್ರಿ ಮಲಗಿದಾಗ ಒಂದು ಬಡಿತ ತಪ್ಪಿ, ಮರುಕ್ಷಣ ಎದೆ "ಧಡ್" ಎಂದಂತೆ ಅನಿಸಿದೆಯೇ? ಆರೋಗ್ಯವಂತರಲ್ಲೂ ಇದು ಸಾಮಾನ್ಯ.

*ಯಾವುದು ಸಹಜ?*
✅ ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 60ರಿಂದ 100 ಬಡಿತ.
✅ ನಿದ್ದೆಯಲ್ಲಿ, ಹಾಗೂ ನಿತ್ಯ ವ್ಯಾಯಾಮ ಮಾಡುವವರಲ್ಲಿ 60ಕ್ಕಿಂತ ಕಡಿಮೆ ಇರಬಹುದು.
✅ ದಾದರ್‌ನಲ್ಲಿ ಮೆಟ್ಟಿಲು ಓಡಿ ಹತ್ತಿ ಲೋಕಲ್ ಹಿಡಿದಾಗ 120 ದಾಟಬಹುದು. ಕೂತ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ.
✅ ಜ್ವರ, ಗಾಬರಿ ಇದ್ದಾಗ, ಚೆನ್ನೈ ಸೆಕೆಯಲ್ಲಿ ಬೆವರಿ ಮೈಯ ನೀರು ಕಡಿಮೆಯಾದಾಗಲೂ ಏರುತ್ತದೆ.
✅ ಉಸಿರು ಎಳೆದಾಗ ತುಸು ವೇಗ, ಬಿಟ್ಟಾಗ ತುಸು ನಿಧಾನ. ಮಕ್ಕಳಲ್ಲಿ, ಯುವಕರಲ್ಲಿ ಇದು ಎದ್ದು ಕಾಣುತ್ತದೆ, ಕಾಯಿಲೆಯಲ್ಲ.

*ಬಡಿತ ತಪ್ಪಿದಂತೆ ಅನಿಸುವುದೇಕೆ?*
ಒಂದು ಬಡಿತ ಹೊತ್ತಿಗೆ ಮುಂಚೆಯೇ ಬಂದುಬಿಡುತ್ತದೆ. ಆಮೇಲೆ ಸಣ್ಣ ಬಿಡುವು. ಆ ಬಿಡುವಿನಲ್ಲಿ ಹೃದಯಕ್ಕೆ ಹೆಚ್ಚು ರಕ್ತ ತುಂಬಿ ಮುಂದಿನ ಬಡಿತ ಜೋರಾಗುತ್ತದೆ. ನಿದ್ದೆಗೇಡು, ಚಿಂತೆ, ಅತಿಯಾದ ಕಾಫಿ–ಚಹಾ, ಸಿಗರೇಟು, ಮದ್ಯದಿಂದ ಇದು ಹೆಚ್ಚಬಹುದು.

*ನಾಡಿ ಎಣಿಸುವುದು ಹೇಗೆ?*
5 ನಿಮಿಷ ಸುಮ್ಮನೆ ಕೂತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳಿಟ್ಟು ಪೂರ್ತಿ 1 ನಿಮಿಷ ಎಣಿಸಿ. ಹೆಬ್ಬೆರಳಿಂದ ಎಣಿಸಬೇಡಿ, ಅದರದೇ ನಾಡಿ ಗೊಂದಲ ಮಾಡುತ್ತದೆ. ಸ್ಮಾರ್ಟ್‌ವಾಚ್ ವಿಚಿತ್ರ ಅಂಕಿ ತೋರಿಸಿದರೂ ಮೊದಲು ಹೀಗೆ ಎಣಿಸಿ ನೋಡಿ.

*ಇವಿದ್ದರೆ ತಡಮಾಡಬೇಡಿ*
🔴 ಬಡಿತ ಏರುಪೇರಾಗುವ ಜೊತೆಗೆ ಎದೆನೋವು, ಉಸಿರಾಟಕ್ಕೆ ಕಷ್ಟ, ಪ್ರಜ್ಞೆ ತಪ್ಪುವುದು: ತಕ್ಷಣ 112ಕ್ಕೆ ಕರೆ ಮಾಡಿ.
🔴 ವ್ಯಾಯಾಮದ ನಡುವೆ ಬಡಿತ ಏರುಪೇರಾದರೆ, ಅಥವಾ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ವೈದ್ಯರಿಗೆ ತೋರಿಸಿ.
🔴 ಹಿರಿಯರ ನಾಡಿಗೆ ಲಯವೇ ಇಲ್ಲದಿದ್ದರೆ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ನೋವಿಲ್ಲದೆಯೂ ಇದು ಬರುತ್ತದೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಪಾರ್ಶ್ವವಾಯು. ಇಸಿಜಿಯಲ್ಲಿ ಪತ್ತೆಯಾದರೆ, ವೈದ್ಯರು ಕೊಡುವ ಮಾತ್ರೆಗಳಿಂದ ಆ ಅಪಾಯ ಬಹಳ ತಗ್ಗುತ್ತದೆ.

*ಊರಿಂದ ಬಂದ ಅಪ್ಪ–ಅಮ್ಮನಿಗೆ*
"ಎದೆ ಡವಡವ ಅಂತಿದೆ" ಎಂಬುದನ್ನು ಇಲ್ಲಿನ ವೈದ್ಯರಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಹೇಳಲು ಅವರಿಗೆ ಕಷ್ಟ. ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ನಾಡಿ ಎಷ್ಟಿತ್ತು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಚೀಟಿಯಲ್ಲಿ ಬರೆದುಕೊಂಡು ನೀವೇ ಜೊತೆಗೆ ಹೋಗಿ.

ಇವತ್ತೇ ಮನೆಯ ಹಿರಿಯರ ನಾಡಿ ಒಂದು ನಿಮಿಷ ಎಣಿಸಿ ನೋಡಿ. ಊರಿನ ಬಳಗಕ್ಕೂ ಇದನ್ನು ಕಳುಹಿಸಿ. 🙏